ಲೋಹದ ಅಂಚಿನ ಜೋಡಿ ಪದರವೂ ಉಷ್ಣತೆಯೂ

ಲೋಹದ ಕಡ್ಡಿಯೊಂದನ್ನು ಉಪ್ಪು ಕರಗಿದ ನೀರಿನಲ್ಲಿ ಅದ್ದಿ ಅದಕ್ಕೆ ವಿದ್ಯುತ್ತಿನ ಸಂಪರ್ಕ ಕೊಟ್ಟರೆ, ಆ ಲೋಹವೂ ನೀರೂ ಕೂಡುವ ಅಂಚಿನಲ್ಲಿ ಒಂದು ವಿಚಿತ್ರವಾದ ರಚನೆ ಏರ್ಪಡುತ್ತದೆ. ಲೋಹದ ಮೈಮೇಲೆ ಋಣ ವಿದ್ಯುತ್ತು ನೆಲೆಸಿದ್ದರೆ ನೀರಿನಲ್ಲಿರುವ ಧನ ಅಯಾನುಗಳು ಅದರ ಸಮೀಪಕ್ಕೆ ಬಂದು ನೆರೆಯುತ್ತವೆ. ಲೋಹ ಧನವಾಗಿದ್ದರೆ ಋಣ ಅಯಾನುಗಳು ನೆರೆಯುತ್ತವೆ. ಹೀಗೆ ಎದುರುಬದುರಾಗಿ ನಿಂತ ಎರಡು ವಿದ್ಯುತ್ ಸಾಲುಗಳಿಗೆ ಜೋಡಿ ಪದರವೆಂದು ಹೆಸರು. ಇದರ ದಪ್ಪ ಅತ್ಯಲ್ಪ. ಸಾಮಾನ್ಯ ದ್ರಾವಣಗಳಲ್ಲಿ ಅದು ಒಂದು ನ್ಯಾನೊಮೀಟರಿನ ಆಸುಪಾಸು, ಅಂದರೆ ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಷ್ಟು ಕಿರಿದಾದ ಎಡೆಯಲ್ಲಿ ಒಂದು ವೋಲ್ಟಿನ ವ್ಯತ್ಯಾಸವಿದ್ದರೂ ಲೆಕ್ಕ ಹಾಕಿದಾಗ ಸೆಂಟಿಮೀಟರಿಗೆ ಒಂದು ಕೋಟಿ ವೋಲ್ಟ್ ಆಗುತ್ತದೆ. ಒಣ ಗಾಳಿಯಲ್ಲಿ ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್ ಆದರೇ ಕಿಡಿ ಹಾರುವುದೆಂಬುದನ್ನು ನೆನೆದರೆ, ನಮ್ಮ ಲೋಟದ ನೀರಿನ ಒಳಗೆ ಸದ್ದಿಲ್ಲದೆ ಎಂತಹ ಬಲ ಅಡಗಿ ಕುಳಿತಿದೆಯೆಂಬುದು ತಿಳಿದೀತು.

ಈ ಜೋಡಿ ಪದರವನ್ನು ಕಾಯಿಸಿದರೆ ಏನಾಗುತ್ತದೆ ಎಂಬುದೇ ಈ ಲೇಖನದ ವಿಷಯ. ಬಿ.ಎ. ಓದುವವಳಿಗೆ ಈ ಗೊಡವೆ ಏಕೆಂದು ಗೆಳತಿಯರು ಆಗಲೇ ಕೇಳಿದ್ದಾರೆ. ನಾನು ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಮನೆಯ ಅನುಕೂಲ ನೋಡಿಕೊಂಡು ಇತಿಹಾಸ, ಅರ್ಥಶಾಸ್ತ್ರಗಳಿಗೆ ಬಂದವಳು. ಆಗ ರಸಾಯನಶಾಸ್ತ್ರದ ಪುಸ್ತಕದಲ್ಲಿ, ಕಲಿಲಗಳ ಅಧ್ಯಾಯದ ನಡುವೆ, ಹೆಲ್ಮ್‌ಹೋಲ್ಟ್ಸ್ ಎಂಬಾತನ ಜೋಡಿ ಪದರದ ಬಗ್ಗೆ ನಾಲ್ಕಾರು ಸಾಲುಗಳಿದ್ದವು. ಪರೀಕ್ಷೆಗೆ ಅಷ್ಟು ಸಾಕಾಗಿತ್ತು, ನನಗೆ ಸಾಲಲಿಲ್ಲ. ಶಾಖೆ ಬದಲಾದ ಮಾತ್ರಕ್ಕೆ ಕುತೂಹಲವನ್ನು ಹಳೆಯ ತರಗತಿಯಲ್ಲೇ ಬಿಟ್ಟು ಬರಬೇಕೆಂಬ ಕಟ್ಟಳೆಯೇನೂ ಇಲ್ಲವಲ್ಲ! ಹೆಲ್ಮ್‌ಹೋಲ್ಟ್ಸ್ ತಾನೇ ವೈದ್ಯಶಾಸ್ತ್ರ ಓದಿ ಸೈನ್ಯದಲ್ಲಿ ವೈದ್ಯನಾಗಿದ್ದವನು. ಭೌತಶಾಸ್ತ್ರಕ್ಕೆ ಆಮೇಲೆ ಬಂದವನು. ವಿಜ್ಞಾನ ವಿಭಾಗದ ಗುರುಗಳು ಈ ಲೇಖನದ ಸರಳತೆಯನ್ನು ಮನ್ನಿಸಬೇಕು. ಕಲಾ ವಿಭಾಗದ ಮಿತ್ರರು ಅಲ್ಲಲ್ಲಿ ಬರುವ ಅಂಕಿಗಳನ್ನು ಸಹಿಸಿಕೊಳ್ಳಬೇಕು.

ಹೆಲ್ಮ್‌ಹೋಲ್ಟ್ಸ್ 1853ರಲ್ಲಿ ಮೊದಲು ಸೂಚಿಸಿ 1879ರಲ್ಲಿ ವಿಸ್ತರಿಸಿದ ಚಿತ್ರ ಬಹಳ ಸರಳವಾದುದು. ಲೋಹದ ಮೇಲೊಂದು ಸಾಲು, ಅದಕ್ಕೆ ಅಂಟಿದಂತೆ ನೀರಿನಲ್ಲೊಂದು ಸಾಲು. ಎರಡು ತಗಡುಗಳನ್ನು ಎದುರೆದುರು ಇಟ್ಟ ವಿದ್ಯುತ್ ಧಾರಕದಂತೆ. ಇದರಲ್ಲಿ ಉಷ್ಣತೆಗೆ ಹೇಳಿಕೊಳ್ಳುವಂತಹ ಪಾತ್ರವೇ ಇಲ್ಲ. ಅಯಾನುಗಳು ಶಿಸ್ತಿನ ಸಿಪಾಯಿಗಳಂತೆ ಕದಲದೆ ನಿಂತಿರುತ್ತವೆಂದು ಹಿಡಿದರೆ ಬಿಸಿಯಾದರೇನು, ತಣ್ಣಗಾದರೇನು?

ಆದರೆ ನೀರಿನಲ್ಲಿರುವ ಯಾವ ಕಣವೂ ಕದಲದೆ ನಿಲ್ಲುವುದಿಲ್ಲ. ಶಾಖವೆಂಬುದೇ ಕಣಗಳ ಚಲನೆ. ಫ್ರಾನ್ಸಿನ ಲಿಯೊನ್ ನಗರದಲ್ಲಿದ್ದ ಗೂಯಿ 1910ರಲ್ಲಿಯೂ, ಆಕ್ಸ್‌ಫರ್ಡಿನ ಜೀಸಸ್ ಕಾಲೇಜಿನ ಚಾಪ್ಮನ್ 1913ರಲ್ಲಿಯೂ, ಒಬ್ಬರನ್ನೊಬ್ಬರು ಅವಲಂಬಿಸದೆ, ಈ ಮಾತನ್ನು ಲೆಕ್ಕಕ್ಕೆ ತಂದರು. ಲೋಹದ ಸೆಳೆತ ಅಯಾನುಗಳನ್ನು ಹತ್ತಿರಕ್ಕೆ ಎಳೆಯುತ್ತದೆ. ಶಾಖದ ಕುಣಿತ ಅವುಗಳನ್ನು ದೂರಕ್ಕೆ ಚದುರಿಸುತ್ತದೆ. ಈ ಎರಡರ ಜಗ್ಗಾಟದಿಂದ ಲೋಹದ ಬಳಿ ದಟ್ಟವಾಗಿಯೂ ದೂರ ಹೋದಂತೆ ತೆಳುವಾಗಿಯೂ ಇರುವ ಒಂದು ಮೋಡದಂತಹ ಪದರ ಉಂಟಾಗುತ್ತದೆ. ನಮ್ಮ ಕಡೆಯ ಜಾತ್ರೆಯನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ತೇರಿನ ಮಗ್ಗುಲಲ್ಲಿ ಕಾಲಿಡಲು ಜಾಗವಿಲ್ಲ. ಹತ್ತು ಮಾರು ಆಚೆಗೆ ಜನ ಸ್ವಲ್ಪ ಸಡಿಲ. ಬತ್ತಾಸಿನ ಅಂಗಡಿಗಳ ಸಾಲಿಗೆ ಬಂದರೆ ಎಂದಿನ ಸಂತೆಯಷ್ಟೇ ಜನ. ಎಲ್ಲಿಂದ ಎಲ್ಲಿಯವರೆಗೆ ತೇರಿನ ಗುಂಪು, ಎಲ್ಲಿಂದ ಸಂತೆಯ ಗುಂಪು ಎಂದು ಗೆರೆ ಎಳೆಯಲಾಗದು.

ಗೂಯಿ-ಚಾಪ್ಮನ್ನರ ಲೆಕ್ಕದಲ್ಲಿ ಒಂದು ದೋಷವಿತ್ತು. ಅವರು ಅಯಾನನ್ನು ಗಾತ್ರವೇ ಇಲ್ಲದ ಚುಕ್ಕಿಯೆಂದು ಹಿಡಿದಿದ್ದರು. ಚುಕ್ಕಿ ಎಷ್ಟು ಬೇಕಾದರೂ ಹತ್ತಿರ ಬರಬಲ್ಲದು; ನಿಜವಾದ ಅಯಾನು ತನ್ನ ಮೈಗಿಂತ ಹತ್ತಿರಕ್ಕೆ ಬರಲಾರದು. 1924ರಲ್ಲಿ ಆಟೋ ಸ್ಟರ್ನ್ ಇಬ್ಬರ ಚಿತ್ರವನ್ನೂ ಜೋಡಿಸಿದನು. ಲೋಹಕ್ಕೆ ತಗುಲಿದಂತೆ ಹೆಲ್ಮ್‌ಹೋಲ್ಟ್ಸ್ ಹೇಳಿದಂತಹ ಒಂದು ಬಿಗಿಯಾದ ಒಳಪದರ. ಅದರಾಚೆಗೆ ಗೂಯಿ-ಚಾಪ್ಮನ್ನರ ಚದುರು ಪದರ. ಇಂದಿನ ಪಠ್ಯಗಳಲ್ಲಿರುವ ಚಿತ್ರ ಬಹುಮಟ್ಟಿಗೆ ಇದೇ.

ಈಗ ಉಷ್ಣತೆಯ ಮಾತಿಗೆ ಬರೋಣ. ರಜೆಯಲ್ಲಿ ಊರಿಗೆ ಹೋಗಿದ್ದಾಗ ಜಗಲಿಯ ಮೇಲೆ ಕುಳಿತು ಈ ತೇರಿನ ಹೋಲಿಕೆಯನ್ನು ಅಪ್ಪನಿಗೆ ಹೇಳಿದೆ. ಅವರು ಮೂರನೆಯ ತರಗತಿಗೆ ಶಾಲೆ ಬಿಟ್ಟವರು. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅವರು ಎಲೆಯಡಿಕೆ ಜಗಿಯುತ್ತ ಎಲ್ಲವನ್ನೂ ಕೇಳಿಸಿಕೊಂಡು, “ಅಲ್ಲ ಕಣವ್ವಾ, ಬಿಸ್ಲು ಏರಿದ್ರೆ ತೇರಿನ ಜನ ಚದುರ್ತಾರೆ. ಹಂಗೇ ನೀರು ಕಾದ್ರೆ ನಿನ್ನ ಕಣಗಳೂ ದೂರ ಹೋಗ್ಬೇಕಲ್ವಾ?” ಎಂದರು. ಯಾರಿಗಾದರೂ ಮೊದಲು ಹೊಳೆಯುವ ಉತ್ತರ ಇದೇ. ಶಾಖ ಹೆಚ್ಚಿದರೆ ಕುಣಿತ ಹೆಚ್ಚಬೇಕು, ಕುಣಿತ ಹೆಚ್ಚಿದರೆ ಮೋಡ ಹರಡಬೇಕು, ಪದರ ದಪ್ಪವಾಗಬೇಕು. ಸೂತ್ರವೂ ಮೇಲುನೋಟಕ್ಕೆ ಹಾಗೆಯೇ ಹೇಳುತ್ತದೆ. ಚದುರು ಪದರದ ದಪ್ಪವನ್ನು ತಿಳಿಸುವ ಡಿಬೈ ಉದ್ದವೆಂಬ ಅಳತೆಯಲ್ಲಿ ನಿರಪೇಕ್ಷ ಉಷ್ಣತೆಯ ವರ್ಗಮೂಲ ಮೇಲುಗಡೆಯಲ್ಲಿಯೇ ಕುಳಿತಿದೆ.

ಆದರೆ ಅದೇ ವರ್ಗಮೂಲದ ಒಳಗೆ ಉಷ್ಣತೆಯ ಪಕ್ಕದಲ್ಲಿ ಇನ್ನೊಂದು ರಾಶಿಯಿದೆ: ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ. ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀರಿನ ಅಣುವಿಗೆ ಎರಡು ತುದಿ. ಆಮ್ಲಜನಕದ ತುದಿ ತುಸು ಋಣ, ಜಲಜನಕದ ತುದಿ ತುಸು ಧನ. ಎರಡು ವಿದ್ಯುದಾವೇಶಗಳ ನಡುವೆ ನೀರಿನ ಅಣುಗಳು ಸಿಕ್ಕಿಕೊಂಡಾಗ ಅವು ಮುಖ ತಿರುಗಿಸಿ ನಿಂತು ಆ ಸೆಳೆತವನ್ನು ಬಹುಪಾಲು ತಡೆದುಬಿಡುತ್ತವೆ. ಎಷ್ಟರಮಟ್ಟಿಗೆ ತಡೆಯುತ್ತವೆ ಎಂಬುದರ ಅಳತೆಯೇ ಈ ಸ್ಥಿರಾಂಕ. ಇದಕ್ಕೆ ಸ್ಥಿರಾಂಕವೆಂದು ಹೆಸರಿಟ್ಟಿದ್ದರೂ ಇದು ಸ್ಥಿರವಾಗಿರುವುದಿಲ್ಲ! 0 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇದರ ಬೆಲೆ ಸುಮಾರು 87.9, 25 ಡಿಗ್ರಿಯಲ್ಲಿ 78.4, 100 ಡಿಗ್ರಿಯಲ್ಲಿ ಸುಮಾರು 55.6. ಶಾಖ ಹೆಚ್ಚಿದಂತೆ ನೀರಿನ ಅಣುಗಳು ತಾವೇ ಚಂಚಲವಾಗಿ, ಮುಖ ತಿರುಗಿಸಿ ನಿಲ್ಲುವ ಶಿಸ್ತನ್ನು ಕಳೆದುಕೊಳ್ಳುತ್ತವೆ.

ಈಗ ಎರಡನ್ನೂ ಗುಣಿಸಿ ನೋಡಬೇಕು. 0 ಡಿಗ್ರಿ ಎಂದರೆ ನಿರಪೇಕ್ಷ ಮಾನದಲ್ಲಿ 273, 87.9ರಿಂದ ಗುಣಿಸಿದರೆ ಸುಮಾರು 24,000. 25 ಡಿಗ್ರಿಯಲ್ಲಿ, ಅಂದರೆ 298ರಲ್ಲಿ, ಗುಣಲಬ್ಧ ಸುಮಾರು 23,400. 100 ಡಿಗ್ರಿಯಲ್ಲಿ, ಅಂದರೆ 373ರಲ್ಲಿ, ಸುಮಾರು 20,700. ಉಷ್ಣತೆ ಏರಿದೆ; ಗುಣಲಬ್ಧ ಮಾತ್ರ ಇಳಿದಿದೆ. ವರ್ಗಮೂಲ ತೆಗೆದರೆ, 0ಯಿಂದ 100 ಡಿಗ್ರಿಗೆ ಹೋಗುವಾಗ ಪದರದ ದಪ್ಪ ನೂರಕ್ಕೆ ಸುಮಾರು ಏಳು ಪಾಲು ಕುಗ್ಗುತ್ತದೆಯೇ ಹೊರತು ಹಿಗ್ಗುವುದಿಲ್ಲ. ಕಾಯಿಸಿದ ನೀರಿನಲ್ಲಿ ಅಯಾನುಗಳ ಮೋಡ ಲೋಹಕ್ಕೆ ಇನ್ನಷ್ಟು ಹತ್ತಿರ ಸರಿಯುತ್ತದೆ!

ಇದನ್ನು ಅಪ್ಪನಿಗೆ ಹೇಳುವುದು ಹೇಗೆಂದು ಯೋಚಿಸಿದೆ. ತೇರಿನ ಸುತ್ತ ಕೈಕೈ ಹಿಡಿದು ಜನರನ್ನು ಹಿಂದಕ್ಕೆ ತಡೆಯುವ ಸ್ವಯಂಸೇವಕರಿರುತ್ತಾರಲ್ಲ, ನೀರಿನ ಅಣುಗಳು ಅವರಿದ್ದಂತೆ. ಬಿಸಿಲು ಏರಿದಾಗ ಭಕ್ತರು ಚಡಪಡಿಸುವುದು ನಿಜ; ಆದರೆ ಸ್ವಯಂಸೇವಕರೂ ಕೈಬಿಟ್ಟು ನೆರಳು ಹುಡುಕಿದರೆ, ತಡೆಯುವವರಿಲ್ಲದೆ ಗುಂಪು ತೇರಿನ ಮೇಲೆಯೇ ಬೀಳುತ್ತದೆ. ಎರಡರಲ್ಲಿ ಯಾವುದು ಮೇಲಾಗುವುದೆಂಬುದು ಎಣಿಕೆಯ ಮಾತು. ನೀರಿನ ವಿಷಯದಲ್ಲಿ ಸ್ವಯಂಸೇವಕರು ಓಡಿಹೋಗುವ ವೇಗ ತುಸು ಹೆಚ್ಚು. ಅಪ್ಪ ಇದನ್ನು ಕೇಳಿ ನಕ್ಕು, “ಅಂಗಾದ್ರೆ ಸರಿ, ಹೋದ ವರ್ಷ ಆಗಿದ್ದೂ ಅದೇ” ಎಂದರು.

ದಪ್ಪದ ವಿಷಯ ಇಷ್ಟಾಯಿತು. ಆದರೆ ಪ್ರಯೋಗಶಾಲೆಯಲ್ಲಿ ದಪ್ಪವನ್ನು ನೇರವಾಗಿ ಅಳೆಯುವುದಕ್ಕಿಂತ ಈ ಪದರದ ಧಾರಕತೆಯನ್ನು ಅಳೆಯುವುದು ಸುಲಭ. ಧಾರಕತೆಯೆಂದರೆ ಒಂದು ವೋಲ್ಟ್ ಹೆಚ್ಚಿಸಲು ಎಷ್ಟು ವಿದ್ಯುದಾವೇಶ ತುಂಬಬೇಕೆಂಬ ಅಳತೆ. ಒಂದು ಲೀಟರಿನಲ್ಲಿ ಸಾವಿರದಲ್ಲೊಂದು ಮೋಲಿನಷ್ಟೇ ಲವಣವಿರುವ ತೆಳು ದ್ರಾವಣವನ್ನು ತೆಗೆದುಕೊಳ್ಳೋಣ. ಅದರಲ್ಲಿ ಚದುರು ಪದರದ ದಪ್ಪ 25 ಡಿಗ್ರಿಯಲ್ಲಿ ಸುಮಾರು 9.6 ನ್ಯಾನೊಮೀಟರು, ಲೋಹದ ಮೇಲೆ ವಿದ್ಯುದಾವೇಶವೇ ಇಲ್ಲದ ಸ್ಥಿತಿಯಲ್ಲಿ ಅದರ ಧಾರಕತೆ ಚದರ ಸೆಂಟಿಮೀಟರಿಗೆ ಸುಮಾರು 7.2 ಮೈಕ್ರೋಫ್ಯಾರಡ್ ಎಂದು ಲೆಕ್ಕ ಹೇಳುತ್ತದೆ. 0 ಡಿಗ್ರಿಯಲ್ಲಿ ಅದೇ ಸುಮಾರು 8. 100 ಡಿಗ್ರಿಯಲ್ಲಿ ಸುಮಾರು 5.4. ಪದರ ತೆಳುವಾದರೆ ಧಾರಕತೆ ಹೆಚ್ಚಬೇಕಲ್ಲವೆ ಎಂದು ಯಾರಾದರೂ ಕೇಳಬಹುದು. ಧಾರಕತೆಯಲ್ಲಿ ಡೈಎಲೆಕ್ಟ್ರಿಕ್ ಸ್ಥಿರಾಂಕ ನೇರವಾಗಿಯೂ ಬರುತ್ತದೆ. ಅದರ ಕುಸಿತ ದಪ್ಪದ ಅಲ್ಪ ಕುಗ್ಗುವಿಕೆಯನ್ನು ನುಂಗಿ ಹಾಕುತ್ತದೆ.

ಲವಣ ಹೆಚ್ಚಿರುವ ದ್ರಾವಣದಲ್ಲಿ ಮಾತ್ರ ಈ ಬದಲಾವಣೆ ಕಾಣಸಿಗುವುದೇ ಇಲ್ಲ. ಒಳಪದರವೂ ಚದುರು ಪದರವೂ ಒಂದರ ಹಿಂದೆ ಒಂದರಂತೆ ಜೋಡಿಸಿದ ಧಾರಕಗಳು. ಕಾಲುವೆಗೆ ಒಂದರ ಹಿಂದೆ ಒಂದು ಎರಡು ತೂಬು ಇದ್ದರೆ, ಹರಿಯುವ ನೀರನ್ನು ಕಿರಿದಾದ ತೂಬೇ ನಿರ್ಧರಿಸುತ್ತದೆ. ದೊಡ್ಡ ತೂಬನ್ನು ಇನ್ನೊಂದು ಗೇಣು ಹಿಗ್ಗಿಸಿದರೂ ಕುಗ್ಗಿಸಿದರೂ ಗದ್ದೆಗೆ ಗೊತ್ತಾಗದು. ಲವಣ ಹೆಚ್ಚಿದಾಗ ಚದುರು ಪದರ ದೊಡ್ಡ ತೂಬಾಗುತ್ತದೆ. ಆಗ ನಮಗೆ ಕಾಣುವುದು ಒಳಪದರ ಮಾತ್ರ. ಹೀಗಾಗಿ ಉಷ್ಣತೆಯ ಪ್ರಭಾವವೆಂಬ ಪ್ರಶ್ನೆ ಒಂದಲ್ಲ, ಎರಡು: ಚದುರು ಪದರದ ಮೇಲೇನು, ಒಳಪದರದ ಮೇಲೇನು? ಮೊದಲನೆಯದಕ್ಕೆ ಕಾಗದ ಪೆನ್ಸಿಲಿನಿಂದ ಉತ್ತರ ಸಿಕ್ಕಿತು. ಎರಡನೆಯದಕ್ಕೆ ಪ್ರಯೋಗವೇ ಗತಿ. ನನಗೆ ಹೆಚ್ಚು ಸ್ವಾರಸ್ಯವೆನಿಸಿದ್ದು ಈ ಎರಡನೆಯದೇ.

ಇಂತಹ ಪ್ರಯೋಗಕ್ಕೆ ಬಹುಕಾಲ ಎಲ್ಲರೂ ಆರಿಸಿಕೊಂಡ ಲೋಹ ಪಾದರಸ. ಅದಕ್ಕೆ ಕಾರಣ ಸ್ಪಷ್ಟವಾಗಿದೆ. ಗಟ್ಟಿ ಲೋಹದ ಮೈಯನ್ನು ಎಷ್ಟು ಉಜ್ಜಿದರೂ ಗೀರುಗಳೂ ಕೊಳೆಯೂ ಉಳಿಯುತ್ತವೆ. ಪಾದರಸವಾದರೋ ದ್ರವ; ಅದರ ಮೈ ತಾನಾಗಿಯೇ ನಯವಾಗಿರುತ್ತದೆ. ಸಣ್ಣ ನಾಳದಿಂದ ಹನಿಹನಿಯಾಗಿ ಬೀಳಿಸಿದರೆ ಪ್ರತಿಯೊಂದು ಹನಿಯೂ ಹೊಚ್ಚ ಹೊಸ ವಿದ್ಯುದ್ವಾರ. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಕ್ಯೂನೆ ಎಂಬ ಶರೀರಶಾಸ್ತ್ರಜ್ಞನು, ತೆಳು ಗಂಧಕಾಮ್ಲದಲ್ಲಿಟ್ಟ ಪಾದರಸದ ಹನಿಯನ್ನು ಕಬ್ಬಿಣದ ತಂತಿಯಿಂದ ಮುಟ್ಟಿದಾಗ ಅದು ಮುದುಡಿಕೊಳ್ಳುವುದನ್ನು ಲಿಪ್ಮನ್ ಎಂಬ ತರುಣನಿಗೆ ತೋರಿಸಿದನಂತೆ. ಆ ತರುಣ ಅದನ್ನು ಆಟವೆಂದು ಬಿಡಲಿಲ್ಲ. ವಿದ್ಯುತ್ತು ಬದಲಾದಂತೆ ಪಾದರಸದ ಮೇಲ್ಮೈ ಎಳೆತ ಬದಲಾಗುವುದನ್ನು 1870ರ ದಶಕದಲ್ಲಿ ಅಳೆದು ತೋರಿಸಿದನು. ಎಳೆತವನ್ನು ವೋಲ್ಟಿನ ಎದುರು ಗುರುತಿಸಿದರೆ ಗುಡ್ಡದಾಕಾರದ ವಕ್ರರೇಖೆ ಬರುತ್ತದೆ. ಗುಡ್ಡದ ನೆತ್ತಿಯಲ್ಲಿ ಪಾದರಸದ ಮೇಲೆ ವಿದ್ಯುದಾವೇಶ ಸೊನ್ನೆ. ಇಳಿಜಾರು ಎಷ್ಟು ಕಡಿದಾಗಿದೆಯೋ ಅಷ್ಟು ವಿದ್ಯುದಾವೇಶ. ಇದೇ ಲಿಪ್ಮನ್ ಬಣ್ಣದ ಛಾಯಾಚಿತ್ರಕ್ಕಾಗಿ 1908ರಲ್ಲಿ ನೊಬೆಲ್ ಬಹುಮಾನ ಪಡೆದನೆಂಬುದು ಬೇರೆಯೇ ಕಥೆ.

ಈ ಕೆಲಸವನ್ನು ನಿಷ್ಕೃಷ್ಟತೆಯ ತುದಿಗೆ ಒಯ್ದವನು ಡೇವಿಡ್ ಗ್ರಹಾಮ್. ಈತನಿದ್ದದ್ದು ದೊಡ್ಡ ಸಂಶೋಧನಾಲಯದಲ್ಲಲ್ಲ. ಅಮೆರಿಕದ ಮೆಸಾಚುಸೆಟ್ಸ್ ಪ್ರಾಂತದ ಆಮ್ಹರ್ಸ್ಟ್ ಎಂಬ ಕಾಲೇಜಿನಲ್ಲಿ. ಅದೂ ನಮ್ಮದರಂತೆ ಮುಖ್ಯವಾಗಿ ಪದವಿ ತರಗತಿಗಳಿಗೆ ಪಾಠ ಹೇಳುವ ಕಾಲೇಜು, ಕಲಾ ಕಾಲೇಜೆಂದೇ ಹೆಸರು ಪಡೆದದ್ದು. ಈ ವಿಷಯ ತಿಳಿದ ದಿನ ನನಗೆ ಕಾರಣವಿಲ್ಲದೆ ಸಂತೋಷವಾಯಿತು. 1947ರಲ್ಲಿ ಆತ ಬರೆದ ಸುದೀರ್ಘ ಸಮೀಕ್ಷೆಯನ್ನು ಈ ಶಾಸ್ತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ಬೆಳೆಯುತ್ತಿರುವ ಪಾದರಸದ ಹನಿಗೆ ಅತಿ ಸಣ್ಣ ಪರ್ಯಾಯ ವಿದ್ಯುತ್ತು ಕೊಟ್ಟು, ಅದು ಕಳಚಿ ಬೀಳುವ ಮುನ್ನ ಸೇತು ಮಂಡಲವೊಂದು ಸಮತೋಲಕ್ಕೆ ಬರುವ ಕ್ಷಣವನ್ನು ಹಿಡಿದು ಧಾರಕತೆಯನ್ನು ಅಳೆಯುವುದು ಅವನ ಕ್ರಮ. ಲವಣವಾಗಿ ಆರಿಸಿಕೊಂಡದ್ದು ಸೋಡಿಯಂ ಫ್ಲೋರೈಡ್. ಕ್ಲೋರೈಡ್, ಅಯೊಡೈಡ್ ಅಯಾನುಗಳು ಪಾದರಸದ ಮೈಗೆ ನೇರವಾಗಿ ಅಂಟಿಕೊಂಡು ಲೆಕ್ಕವನ್ನು ಕೆಡಿಸುತ್ತವೆ. ಫ್ಲೋರೈಡ್ ತನ್ನ ಸುತ್ತಲಿನ ನೀರನ್ನು ಬಿಟ್ಟುಕೊಡದೆ ಗೌರವದ ದೂರದಲ್ಲಿ ನಿಲ್ಲುತ್ತದೆ. 1958ರಲ್ಲಿ ತೀರಿಕೊಳ್ಳುವ ಮುನ್ನ, 1957ರಲ್ಲಿ, ಆತ ಇದೇ ಅಳತೆಗಳನ್ನು 0 ಡಿಗ್ರಿಯಿಂದ 85 ಡಿಗ್ರಿಯವರೆಗಿನ ಉಷ್ಣತೆಗಳಲ್ಲಿ ಪ್ರಕಟಿಸಿದನು.

ಅದರಲ್ಲಿ ಕಂಡದ್ದೇನು? ಪಾದರಸವನ್ನು ಬಲವಾಗಿ ಋಣವಾಗಿಸಿದ ಕಡೆ ಧಾರಕತೆ ಚದರ ಸೆಂಟಿಮೀಟರಿಗೆ 16-17 ಮೈಕ್ರೋಫ್ಯಾರಡಿನ ಸುತ್ತ ಶಾಂತವಾಗಿ ಮಲಗಿದೆ. ಕಾಯಿಸಿದರೂ ಹೆಚ್ಚು ಕದಲುವುದಿಲ್ಲ. ಈ ಅಂಕಿಯೇ ಒಂದು ಸುದ್ದಿ. ನೀರಿನ ಎಂದಿನ ಸ್ಥಿರಾಂಕ 78ನ್ನು ಇಟ್ಟುಕೊಂಡು, ಒಳಪದರದ ದಪ್ಪ 0.3 ನ್ಯಾನೊಮೀಟರು ಎಂದು ಹಿಡಿದರೆ ಧಾರಕತೆ 200ನ್ನೂ ಮೀರಬೇಕಿತ್ತು. ಹತ್ತರಲ್ಲೊಂದು ಪಾಲೂ ಇಲ್ಲ! ಅಂದರೆ ಲೋಹಕ್ಕೆ ತಗುಲಿದ ಮೊದಲ ಸಾಲಿನ ನೀರು ನಾವು ಕುಡಿಯುವ ನೀರಿನಂತೆ ವರ್ತಿಸುವುದಿಲ್ಲ. ಆ ಪ್ರಚಂಡ ವಿದ್ಯುತ್ ಬಲಕ್ಕೆ ಸಿಕ್ಕಿ ಅದರ ಅಣುಗಳು ಮುಖ ತಿರುಗಿಸಲಾಗದೆ ಸೆಟೆದು ನಿಂತಿವೆ. ಅಲ್ಲಿ ಸ್ಥಿರಾಂಕ ಆರರ ಸುತ್ತಮುತ್ತ ಎಂದು ಪಠ್ಯಗಳು ಹೇಳುತ್ತವೆ. ಮೊದಲೇ ಸೆಟೆದು ನಿಂತವರನ್ನು ಸ್ವಲ್ಪ ಶಾಖ ಏನು ಮಾಡೀತು? ಆದಕಾರಣವೇ ಆ ಬದಿಯಲ್ಲಿ ಉಷ್ಣತೆಯ ಪ್ರಭಾವ ಅಲ್ಪ.

ವಿದ್ಯುದಾವೇಶ ಸೊನ್ನೆಯಿರುವ ಎಡೆಯ ಸಮೀಪದಲ್ಲಿ, ತುಸು ಧನದ ಕಡೆಗೆ, ಚಿತ್ರವೇ ಬೇರೆ. ಅಲ್ಲಿ ವಕ್ರರೇಖೆಗೆ ಒಂಟೆಯ ಡುಬ್ಬದಂತಹ ಉಬ್ಬು ಇದೆ. 0 ಡಿಗ್ರಿಯಲ್ಲಿ ಅದು ಎದ್ದು ಕಾಣುತ್ತದೆ. ಕಾಯಿಸುತ್ತ ಹೋದಂತೆ ಡುಬ್ಬ ತಗ್ಗುತ್ತದೆ. 85 ಡಿಗ್ರಿಗೆ ಬರುವಷ್ಟರಲ್ಲಿ ಹೆಚ್ಚುಕಡಮೆ ಕರಗಿಹೋಗಿರುತ್ತದೆ. ಲವಣ ಅದೇ, ಲೋಹ ಅದೇ. ಬದಲಾದದ್ದು ಉಷ್ಣತೆ ಮಾತ್ರ. ಶಾಖಕ್ಕೆ ಕರಗುವಂತಹುದು ಅಲ್ಲಿ ಏನಿದ್ದೀತು? ಲೋಹದ ಬಿಗಿಹಿಡಿತ ಸಡಿಲವಾಗಿರುವ ಆ ಎಡೆಯಲ್ಲಿ ನೀರಿನ ಅಣುಗಳು ತಮ್ಮತಮ್ಮಲ್ಲೇ ಕಟ್ಟಿಕೊಂಡ ಏನೋ ಒಂದು ವ್ಯವಸ್ಥೆ ಇರಬೇಕು, ಬಿಸಿಯಾದಾಗ ಅದು ಮುರಿಯುತ್ತಿರಬೇಕು ಎಂಬ ಊಹೆ ಸಹಜವಾಗಿಯೇ ಹುಟ್ಟಿತು. ಆ ವ್ಯವಸ್ಥೆಯ ರೂಪವೇನೆಂಬುದರ ಬಗ್ಗೆ ವಿದ್ವಾಂಸರಲ್ಲಿ ದಶಕಗಟ್ಟಲೆ ವಾದ ನಡೆದಿದೆ. ನನ್ನ ಮಟ್ಟಿಗೆ ಮುಖ್ಯವಾದದ್ದು ಬೇರೊಂದು. ಅಯಾನುಗಳ ಕಥೆಯೆಂದು ಆರಂಭವಾದದ್ದು ಇಲ್ಲಿಗೆ ಬರುವಾಗ ನೀರಿನ ಕಥೆಯಾಗಿಬಿಟ್ಟಿದೆ. ನಡುವೆ ಸುಮ್ಮನೆ ನಿಂತಿದೆಯೆಂದು ಎಲ್ಲರೂ ಭಾವಿಸಿದ್ದ ನೀರು ಈ ನಾಟಕದ ಮುಖ್ಯ ಪಾತ್ರ.

ನೀರಿನ ಈ ಪಾತ್ರವನ್ನು ಅಳೆಯಲು ಒಂದು ದಾರಿ ಇದೆ. ಉಷ್ಣಬಲಶಾಸ್ತ್ರದಲ್ಲಿ ಎಂಟ್ರೊಪಿ ಎಂಬ ರಾಶಿಯುಂಟು. ಸ್ಥೂಲವಾಗಿ ಅದನ್ನು ಅಣುಗಳಿಗಿರುವ ಸ್ವೇಚ್ಛೆಯ ಅಳತೆಯೆನ್ನಬಹುದು. ಉಷ್ಣತೆಯೊಡನೆ ಮೇಲ್ಮೈ ಎಳೆತ ಎಷ್ಟು ಇಳಿಯುವುದೆಂಬುದನ್ನು ಗುರುತಿಸಿಕೊಂಡರೆ ಆ ಅಂಚಿನ ಎಂಟ್ರೊಪಿ ಸಿಗುತ್ತದೆ. ಪಾದರಸದ ಮೇಲೆ ಯಾವ ವಿದ್ಯುದಾವೇಶವೂ ಇಲ್ಲದಾಗ ನೀರಿಗೆ ಅತಿ ಹೆಚ್ಚಿನ ಸ್ವೇಚ್ಛೆ ಇರಬೇಕೆಂದು ತೋರುತ್ತದಲ್ಲವೆ? 1973ರಲ್ಲಿ ಹ್ಯಾರಿಸನ್, ರಾಂಡಲ್ಸ್, ಷಿಫ್ರಿನ್ ಎಂಬ ಮೂವರು ಪ್ರಕಟಿಸಿದ ಅಧ್ಯಯನದಲ್ಲಿ ಎಂಟ್ರೊಪಿಯ ನೆತ್ತಿ ಸೊನ್ನೆಯಲ್ಲಿರಲಿಲ್ಲ; ಚದರ ಸೆಂಟಿಮೀಟರಿಗೆ ಸುಮಾರು 4ರಿಂದ 6 ಮೈಕ್ರೋಕೂಲಂನಷ್ಟು ಋಣದ ಕಡೆಗೆ ಸರಿದಿತ್ತು. ಇದರ ಅರ್ಥ ಹೀಗೆ. ವಿದ್ಯುದಾವೇಶವಿಲ್ಲದ ಪಾದರಸದ ಮೇಲೂ ನೀರಿನ ಅಣುಗಳು ಆಮ್ಲಜನಕದ ತುದಿಯನ್ನು ಲೋಹದ ಕಡೆಗೆ ತುಸು ಹೆಚ್ಚಾಗಿ ಒಡ್ಡಿಕೊಂಡಿರುತ್ತವೆ. ಲೋಹವನ್ನು ಸ್ವಲ್ಪ ಋಣವಾಗಿಸಿ ಆ ಒಲವನ್ನು ಹೊಡೆದುಹಾಕಿದಾಗಲೇ ಅವು ನಿಜವಾಗಿ ಸ್ವತಂತ್ರವಾಗುವುದು. ಕೇವಲ ಥರ್ಮಾಮೀಟರನ್ನೂ ವೋಲ್ಟ್‌ಮೀಟರನ್ನೂ ಹಿಡಿದು, ಕಣ್ಣಿಗೆ ಕಾಣದ ಅಣು ಯಾವ ಕಡೆಗೆ ಮುಖಮಾಡಿ ನಿಂತಿದೆಯೆಂದು ಹೇಳಿದ ಈ ತರ್ಕ ನನಗೆ ಯಾವ ಕಾವ್ಯಕ್ಕೂ ಕಡಿಮೆಯೆನಿಸಲಿಲ್ಲ.

ಇಲ್ಲಿ ಸ್ವಲ್ಪ ಬಳಕೆಯ ಮಾತು. ನನ್ನ ಸೋದರಮಾವ ಗಿಲೀಟು ಹಾಕುವ ಸಣ್ಣ ಷೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ನಿಕ್ಕಲ್ ದ್ರಾವಣದ ತೊಟ್ಟಿಯನ್ನು ಅವರು ಐವತ್ತು ಅರವತ್ತು ಡಿಗ್ರಿಗೆ ಕಾಯಿಸಿಯೇ ಕೆಲಸ ಶುರುಮಾಡುವುದು. ತಣ್ಣಗಿದ್ದರೆ ನಿಕ್ಕಲ್ ಸರಿಯಾಗಿ ಹಿಡಿಯುವುದಿಲ್ಲವೆನ್ನುತ್ತಾರೆ. ಅವರ ಮಾತು ನಿಜ. ಆದರೆ ಅದಕ್ಕೆ ಜೋಡಿ ಪದರವನ್ನು ಕಾರಣವಾಗಿ ಹೇಳಿದರೆ ತಪ್ಪಾದೀತು. ಉಷ್ಣತೆ ಒಂದು ಡಿಗ್ರಿ ಏರಿದರೆ ದ್ರಾವಣದ ವಿದ್ಯುತ್ ವಾಹಕತೆ ನೂರಕ್ಕೆ ಎರಡರ ಆಸುಪಾಸು ಹೆಚ್ಚುತ್ತದೆ. ಲೋಹದ ಮೇಲೆ ನಡೆಯುವ ರಾಸಾಯನಿಕ ಕ್ರಿಯೆಯ ವೇಗ ಇನ್ನೂ ಚುರುಕಾಗಿ ಏರುತ್ತದೆ. ಇವುಗಳ ಮುಂದೆ ಜೋಡಿ ಪದರದ ಬದಲಾವಣೆ ಅತಿ ಮೆಲ್ಲನೆಯದು: ನೂರು ಡಿಗ್ರಿಗೆ ದಪ್ಪದಲ್ಲಿ ಏಳು ಪಾಲು! ಪಾದರಸದ ಮೇಲೆ ವಿದ್ಯುದಾವೇಶ ಸೊನ್ನೆಯಾಗುವ ವೋಲ್ಟ್ ಕೂಡ ಉಷ್ಣತೆಯೊಡನೆ ಸರಿಯುತ್ತದೆ, ಆದರೆ ಒಂದು ಡಿಗ್ರಿಗೆ ಒಂದು ಮಿಲಿವೋಲ್ಟಿಗಿಂತಲೂ ಕಡಿಮೆ. ಗದ್ದಲದ ನಡುವೆ ಪಿಸುಮಾತನ್ನು ಕೇಳಿಸಿಕೊಳ್ಳುವಂತಹ ಕೆಲಸವಿದು. ಸಂಶೋಧಕರು ಮೊದಲು ಮಾಡಬೇಕಾದದ್ದು ರಾಸಾಯನಿಕ ಕ್ರಿಯೆಯ ಗದ್ದಲವನ್ನು ನಿಲ್ಲಿಸುವುದು. ಪಾದರಸದಲ್ಲಿ ಅದು ಸಾಧ್ಯ. ಸುಮಾರು ಒಂದೂವರೆ ವೋಲ್ಟಿನ ವಿಸ್ತಾರದಲ್ಲಿ ಅದರ ಮೇಲೆ ಹೇಳಿಕೊಳ್ಳುವಂತಹ ಕ್ರಿಯೆ ನಡೆಯುವುದಿಲ್ಲ.

ಆದರೆ ಪಾದರಸ ವಿಷ. ಅದರ ಬಳಕೆಯನ್ನು ಕಡಿಮೆ ಮಾಡಲು ರಾಷ್ಟ್ರಗಳು 2013ರಲ್ಲಿ ಮಿನಮಾಟಾ ಒಪ್ಪಂದವನ್ನು ಮಾಡಿಕೊಂಡವು. ಅದು 2017ರಲ್ಲಿ ಜಾರಿಗೆ ಬಂದಿತು. ಅದಕ್ಕೆ ಎಷ್ಟೋ ಮೊದಲೇ ಸಂಶೋಧಕರ ಆಸಕ್ತಿ ಚಿನ್ನ, ಬೆಳ್ಳಿ, ಪ್ಲಾಟಿನಂಗಳಂತಹ ಗಟ್ಟಿ ಲೋಹಗಳ ಕಡೆಗೆ ತಿರುಗಿತ್ತು. ಜಲಜನಕವನ್ನು ತಯಾರಿಸುವುದಕ್ಕೂ ಇಂಧನಕೋಶಗಳಿಗೂ ಬೇಕಾದವು ಪ್ಲಾಟಿನಂನಂತಹ ಲೋಹಗಳೇ ಹೊರತು ಪಾದರಸವಲ್ಲ. ತೊಂದರೆಯೆಂದರೆ, ಗಟ್ಟಿ ಲೋಹದ ಮೇಲ್ಮೈ ಎಳೆತವನ್ನು ಹನಿಯಂತೆ ಅಳೆಯಲಾಗದು. ಮೇಲಾಗಿ ಒಂದೇ ಚಿನ್ನದ ಹರಳನ್ನು ಬೇರೆಬೇರೆ ದಿಕ್ಕಿನಲ್ಲಿ ಸೀಳಿದರೆ ಪ್ರತಿಯೊಂದು ಮುಖವೂ ತನ್ನದೇ ಬೇರೆ ಸೊನ್ನೆಯ ವೋಲ್ಟನ್ನು ತೋರಿಸುತ್ತದೆ. ಪ್ಲಾಟಿನಂ ಅಂತೂ ಜಲಜನಕವನ್ನು ಮೈಗೆ ಅಂಟಿಸಿಕೊಂಡು ಧಾರಕತೆಯ ಲೆಕ್ಕವನ್ನೇ ಕಲಸಿಬಿಡುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ಜಾಣತನದ್ದು. ನಿಧಾನವಾಗಿ ಕಾಯಿಸಿದರೆ ತಾನೆ ರಾಸಾಯನಿಕ ಕ್ರಿಯೆಗೆ ಅವಕಾಶ? ಕ್ರಿಯೆ ಕಣ್ಣು ಬಿಡುವುದರೊಳಗೆ ಕಾಯಿಸಿ ಅಳೆದುಬಿಟ್ಟರೆ? ಸೋವಿಯತ್ ಒಕ್ಕೂಟದಲ್ಲಿ ಬೆಂಡೆರ್ಸ್ಕಿ ಮತ್ತು ಆತನ ಸಂಗಡಿಗರು 1980ರ ದಶಕದ ಆರಂಭದಲ್ಲಿ ಲೇಸರ್ ಬೆಳಕಿನಿಂದ ಇದನ್ನು ಸಾಧಿಸಿದರು. ಮುಂದೆ 2002ರಲ್ಲಿ ಚಾಪ್ಮನ್ನನ ಊರಾದ ಅದೇ ಆಕ್ಸ್‌ಫರ್ಡಿನಲ್ಲಿ ಕ್ಲಿಮೆಂಟ್, ಕೋಲ್ಸ್, ಕಾಂಪ್ಟನ್ ಎಂಬವರು ಚಿನ್ನದ ಹರಳಿನ ಮೇಲೆ ಇದನ್ನು ಪ್ರಯೋಗಿಸಿದರು. ಬಳಿಕ ಪ್ಲಾಟಿನಂ ಮೇಲೂ ಇಂತಹ ಅಳತೆಗಳು ನಡೆದವು. ನ್ಯಾನೊಸೆಕೆಂಡುಗಳಷ್ಟೇ ಇರುವ ಹಸಿರು ಲೇಸರಿನ ಮಿಂಚು ಲೋಹದ ಮೈಗೆ ತಗುಲಿ ಅದರ ಉಷ್ಣತೆಯನ್ನು ಥಟ್ಟನೆ ಏರಿಸುತ್ತದೆ. ಮರುಕ್ಷಣವೇ ಶಾಖ ಒಳಕ್ಕೆ ಹರಿದು ಲೋಹ ತಣ್ಣಗಾಗುತ್ತದೆ. ಈ ಮೈಕ್ರೋಸೆಕೆಂಡುಗಳಲ್ಲಿ ಲೋಹದ ಮೇಲಿನ ವಿದ್ಯುದಾವೇಶ ಬದಲಾಗಲು ಸಮಯವೇ ಇರುವುದಿಲ್ಲ. ಬದಲಾಗುವುದು ವೋಲ್ಟ್ ಮಾತ್ರ. ಅದು ಯಾವ ಕಡೆಗೆ ನೆಗೆಯುತ್ತದೆಂಬುದನ್ನು ನೋಡಬೇಕು.

ಲೋಹ ಸಾಕಷ್ಟು ಋಣವಾಗಿದ್ದಾಗ ನೀರು ಜಲಜನಕದ ತುದಿಯನ್ನು ಲೋಹದ ಕಡೆಗಿಟ್ಟು ಆ ಋಣವನ್ನು ಸ್ವಲ್ಪ ಮರೆಸುತ್ತಿರುತ್ತದೆ. ಮಿಂಚಿನ ಶಾಖಕ್ಕೆ ಆ ಮರೆ ಸಡಿಲವಾಗುತ್ತದೆ. ವೋಲ್ಟ್ ಇನ್ನಷ್ಟು ಋಣಕ್ಕೆ ಜಿಗಿಯುತ್ತದೆ. ಲೋಹ ಧನವಾಗಿದ್ದಾಗ ಆಮ್ಲಜನಕದ ತುದಿಯ ಮರೆ ಸಡಿಲವಾಗಿ ವೋಲ್ಟ್ ಧನದ ಕಡೆಗೆ ಜಿಗಿಯುತ್ತದೆ. ಸಂಶೋಧಕರು ವೋಲ್ಟನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಮಿಂಚಿನ ಮೇಲೆ ಮಿಂಚು ಹಾಯಿಸುತ್ತಾರೆ. ಕೆಳಮುಖವಾಗಿದ್ದ ಜಿಗಿತ ಚಿಕ್ಕದಾಗುತ್ತ ಬಂದು, ಒಂದು ನಿರ್ದಿಷ್ಟ ವೋಲ್ಟಿನಲ್ಲಿ ಮಿಂಚು ಬಿದ್ದರೂ ಗೆರೆ ಕದಲುವುದಿಲ್ಲ. ಅದನ್ನು ದಾಟಿದ ಕೂಡಲೇ ಜಿಗಿತ ಮೇಲ್ಮುಖವಾಗುತ್ತದೆ. ಆ ಕದಲದ ಎಡೆಯೇ ಆ ಲೋಹದ ಮೇಲೆ ಎಂಟ್ರೊಪಿಯ ನೆತ್ತಿ. ನೀರಿನ ಅಣುಗಳು ಯಾವ ಕಡೆಗೂ ಮುಖಮಾಡದೆ ಬಿಡುವಾಗಿರುವ ವೋಲ್ಟ್ ಅದು.